ಪಟ್ಟಿಯಲ್ಲಿ 'ಲೋ' ಅಂತ ಇತ್ತು, ನಂಬಿಬಿಟ್ಟೆ: ಕೀವರ್ಡ್ ವಿಷಯದಲ್ಲಿ ಕೈ ಸುಟ್ಟುಕೊಂಡ ಕಥೆ

ವೆಬ್‌ಸೈಟ್ ಇಟ್ಟುಕೊಂಡಿರುವವರು, ಅದರಲ್ಲೂ ಯಾರ ಹತ್ತಿರವಾದರೂ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ) ಮಾಡಿಸೋಣ ಅಂದುಕೊಂಡಿರುವವರು ಇದನ್ನು ಓದಿ. ಕೈಗೆ ಕೀವರ್ಡ್ ಪಟ್ಟಿ, ಅಂದರೆ ಜನ ಹುಡುಕುವ ಪದಗಳ ಪಟ್ಟಿ ಬಂದಾಗ, ದುಡ್ಡು ಕೊಡುವ ಮೊದಲು, ಒಂದು ಸಾಲು ಬರೆಯುವ ಮೊದಲು, ಅದರಲ್ಲಿರುವ ಪದಗಳನ್ನು ನೀವೇ ಗೂಗಲ್‌ನಲ್ಲಿ ಹಾಕಿ ಏನು ಬರುತ್ತದೆ ನೋಡಿ. ನಾನು ಅದೊಂದನ್ನು ಮಾಡಲಿಲ್ಲ. ಎಂಟು ತಿಂಗಳು ಹೋಯಿತು, ದುಡ್ಡು ಹೋಯಿತು, ಮೊದಲು ಬರುತ್ತಿದ್ದ ಓದುಗರೂ ಹೋದರು.

ನನ್ನದು ಚಿಕ್ಕ ಸೈಟ್. ಮನೆಯಲ್ಲಿ ಬಳಸುವ ಹೊಲಿಗೆ ಯಂತ್ರ ಕೆಟ್ಟರೆ ಏನು ಮಾಡಬೇಕು ಅಂತ ಬರೆಯುತ್ತೇನೆ. ಆಗ ನಲವತ್ತು ಚಿಲ್ಲರೆ ಬರಹಗಳಿದ್ದವು. ಓದುಗರು ತುಂಬಾ ಇರಲಿಲ್ಲ, ಆದರೆ ಬರುತ್ತಿದ್ದರು. ಅಷ್ಟರಲ್ಲಿ ಒಂದು ಮೇಲ್ ಬಂತು. ನಿಮ್ಮ ಸೈಟ್‌ನಲ್ಲಿ 32 ದೋಷಗಳಿವೆ, ಮೂರು ತಿಂಗಳಲ್ಲಿ ಹತ್ತು ಕೀವರ್ಡ್‌ಗಳನ್ನು ಗೂಗಲ್ ಮೊದಲ ಪುಟಕ್ಕೆ ತರುತ್ತೇವೆ, ಗ್ಯಾರಂಟಿ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡಲು ಆಗುವುದಿಲ್ಲ ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ, ಬಿಡಿ.

ಆ ಮೇಲ್ ಕಳಿಸಿದ ಮನುಷ್ಯ ಮಾತಿನಲ್ಲಿ ಚೆನ್ನಾಗಿದ್ದ. ಎರಡೇ ದಿನದಲ್ಲಿ 240 ಪದಗಳ ಶೀಟ್ ಕಳಿಸಿದ. ಪ್ರತಿ ಪದದ ಮುಂದೆ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅನ್ನುವ ಸಂಖ್ಯೆ, ಅದರ ಪಕ್ಕದಲ್ಲಿ 'ಕಾಂಪಿಟಿಷನ್' ಅಂತ ಇನ್ನೊಂದು ಕಾಲಂ. ಅದರಲ್ಲಿ ಹೆಚ್ಚಿನವು ಹಸಿರು ಬಣ್ಣದಲ್ಲಿ 'ಲೋ'. ಜನ ಸಾವಿರಗಟ್ಟಲೆ ಹುಡುಕುತ್ತಾರೆ, ಪೈಪೋಟಿ ಕಡಿಮೆ! ಇಷ್ಟು ದಿನ ಇದು ನನ್ನ ಕಣ್ಣಿಗೆ ಬೀಳಲೇ ಇಲ್ವಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಆ 'ಲೋ' ಏನು ಅಂತ ಈಗ ಹೇಳುತ್ತೇನೆ, ಯಾಕೆಂದರೆ ಹತ್ತರಲ್ಲಿ ಎಂಟು ಜನ ಜಾರಿ ಬೀಳುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಆ ಶೀಟ್ ಬಂದದ್ದು ಗೂಗಲ್‌ನ ಕೀವರ್ಡ್ ಪ್ಲಾನರ್‌ನಿಂದ. ಅದು ಜಾಹೀರಾತು ಹಾಕುವವರಿಗೆ ಅಂತ ಮಾಡಿದ ಸಾಧನ. ಅದರಲ್ಲಿ 'ಕಾಂಪಿಟಿಷನ್ ಲೋ' ಅಂದರೆ ಆ ಪದಕ್ಕೆ ಜಾಹೀರಾತು ಹಾಕಲು ಬಿಡ್ ಮಾಡುವವರು ಕಡಿಮೆ ಅಂತ ಅರ್ಥ. ಮೊದಲ ಪುಟಕ್ಕೆ ಬರುವುದು ಸುಲಭ ಅಂತ ಅಲ್ಲವೇ ಅಲ್ಲ. ಒಂದು ಪದಕ್ಕೆ ಯಾರೂ ಜಾಹೀರಾತು ಹಾಕದೇ ಇರಬಹುದು, ಆದರೂ ಮೊದಲ ಹತ್ತು ಜಾಗದಲ್ಲಿ ಹದಿನೈದು ವರ್ಷದಿಂದ ಬೇರು ಬಿಟ್ಟ ದೊಡ್ಡ ಸೈಟ್‌ಗಳೇ ಕೂತಿರಬಹುದು. ನನ್ನ ವಿಷಯದಲ್ಲಿ ಆಗಿದ್ದು ಅದೇ.

ಇನ್ನು ಆ ಸಾವಿರಗಟ್ಟಲೆ ಸಂಖ್ಯೆ. ಜಾಹೀರಾತಿಗೆ ಹೆಚ್ಚು ಖರ್ಚು ಮಾಡದ ಖಾತೆಗಳಿಗೆ ಪ್ಲಾನರ್ ಸರಿಯಾದ ಸಂಖ್ಯೆ ತೋರಿಸುವುದಿಲ್ಲ, 1,000ದಿಂದ 10,000 ಅನ್ನುವ ಹಾಗೆ ಅಂದಾಜು ಕೊಡುತ್ತದೆ. ನಮ್ಮ ಮಹಾಶಯ ಎಲ್ಲ ಕಡೆ ದೊಡ್ಡ ತುದಿಯನ್ನೇ ಹಿಡಿದಿದ್ದ. ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಪದದ ಏಕವಚನ, ಬಹುವಚನ, ಕಾಗುಣಿತದ ಸಣ್ಣ ವ್ಯತ್ಯಾಸ ಇವನ್ನೆಲ್ಲ ಪ್ಲಾನರ್ ಒಟ್ಟುಗೂಡಿಸಿ ಪ್ರತಿಯೊಂದಕ್ಕೂ ಅದೇ ಸಂಖ್ಯೆ ತೋರಿಸುತ್ತದೆ. ಅಂದರೆ ಅದೇ ಜನ, ಮೂರು ಸಾಲಿನಲ್ಲಿ ಕಾಣಿಸುತ್ತಾರೆ. ಇವನು ಆ ಮೂರು ಸಾಲನ್ನು ಕೂಡಿಸಿ ಕೆಳಗೆ ದಪ್ಪಕ್ಷರದಲ್ಲಿ ಮೊತ್ತ ಬರೆದಿದ್ದ. ಒಂದೇ ಹಸುವಿನ ಹಾಲನ್ನು ಮೂರು ಸಲ ಅಳೆದು ಮೂರು ಹಸು ಇದೆ ಅಂದ ಹಾಗೆ. ಗೂಗಲ್ ಟ್ರೆಂಡ್ಸ್‌ನ ಒಂದು ಗ್ರಾಫ್ ಕೂಡ ಅಂಟಿಸಿದ್ದ, ರೇಖೆ 100 ಮುಟ್ಟಿತ್ತು. ನಾನು ನೂರಕ್ಕೆ ನೂರು ಅಂದುಕೊಂಡೆ! ಅಲ್ಲಿ 100 ಅಂದರೆ ನೀವು ಆರಿಸಿದ ಅವಧಿಯಲ್ಲಿ ಆ ಗ್ರಾಫ್ ಏರಿದ ಗರಿಷ್ಠ ಮಟ್ಟ, ಅಷ್ಟೇ. ಹುಡುಕಿದ ಜನ ಎಷ್ಟು ಅಂತ ಅದು ಹೇಳುವುದೇ ಇಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ನಾನೂ ತಲೆಯಾಡಿಸಿ ಸೈಟ್‌ನ ಕೀಲಿ ಕೊಟ್ಟುಬಿಟ್ಟೆ. ಪಾಸ್‌ವರ್ಡ್ ಕೊಟ್ಟೆ, ನಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಅವನನ್ನು ಓನರ್ ಅಂತಲೂ ಸೇರಿಸಿದೆ. ಅದು ಬೇಕಿರಲಿಲ್ಲ. ಅಂಕಿಅಂಶ ನೋಡಲು ಓನರ್ ಆಗಬೇಕಿಲ್ಲ, ಮಿತಿ ಇರುವ ಬಳಕೆದಾರ ಅಂತ ಸೇರಿಸಿದರೂ ಸಾಕು.

ಮೊದಲು ಕೈ ಹಾಕಿದ್ದು 'ಹೊಲಿಗೆ ಯಂತ್ರ' ಅನ್ನುವ ಬರೀ ಪದಕ್ಕೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅದರದ್ದೇ. ಅದಕ್ಕಾಗಿ ನಾನು ಮೂರು ವಾರ ಕೂತು ಉದ್ದನೆಯ ಬರಹ ಬರೆದೆ. ಹತ್ತಿರ ಹತ್ತಿರ 4,000 ಪದ, ಚಿತ್ರಗಳು, ಯಂತ್ರದ ಭಾಗಗಳ ಹೆಸರು, ಎಲ್ಲ. ಎಲ್ಲೂ ಕಾಣಿಸಲಿಲ್ಲ. ಆಮೇಲೊಂದು ದಿನ, ಬೇಜಾರಿನಲ್ಲಿ, ಆ ಪದವನ್ನು ನಾನೇ ಹುಡುಕಿದೆ. ಮೇಲಿಂದ ಕೆಳಗೆ ಬರೀ ಮಾರಾಟದ ಪುಟಗಳು. ಬೆಲೆ, ರೇಟಿಂಗ್, ಕಾರ್ಟಿಗೆ ಹಾಕಿ. ಆ ಪದ ಟೈಪ್ ಮಾಡುವವರಿಗೆ ಹೊಸ ಯಂತ್ರ ಬೇಕು, ಹಳೆಯದನ್ನು ಬಿಚ್ಚಿ ನೋಡುವ ಆಸೆ ಅವರಿಗಿಲ್ಲ. ಗೂಗಲ್‌ಗೆ ಅದು ಗೊತ್ತು. ನನ್ನ ಬರಹ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮೂವತ್ತು ಸೆಕೆಂಡಿನ ಕೆಲಸ ಅದು, ಹುಡುಕಿ ನೋಡುವುದು. ನಾನು ಮೂರು ವಾರ ಬರೆದ ಮೇಲೆ ಮಾಡಿದೆ.

ಇದರ ಜೊತೆಗೆ ಅವನು ಒಂದೇ ವಿಷಯಕ್ಕೆ ಅರವತ್ತು ಪುಟ ಮಾಡಿದ. 'ಹೊಲಿಗೆ ಯಂತ್ರ ರಿಪೇರಿ ಮಾಡುವುದು ಹೇಗೆ', 'ಹೊಲಿಗೆ ಮಷಿನ್ ರಿಪೇರಿ ವಿಧಾನ', 'ಮನೆಯಲ್ಲೇ ಹೊಲಿಗೆ ಮಷಿನ್ ರಿಪೇರಿ', ಹೀಗೆ. ಪಟ್ಟಿಯ ಒಂದೊಂದು ಪದಕ್ಕೆ ಒಂದೊಂದು ಪುಟ ಅನ್ನುವುದು ಅವನ ಲೆಕ್ಕ. ಒಳಗಿರುವುದು ಒಂದೇ ಸರಕು, ಶೀರ್ಷಿಕೆ ಮಾತ್ರ ಬೇರೆ. ಗೂಗಲ್ ಎಷ್ಟೋ ವರ್ಷದಿಂದ ಪದ ನೋಡಿ ಪುಟ ಹೊಂದಿಸುವುದನ್ನು ದಾಟಿ ಬಂದಿದೆ. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್ ಅನ್ನುವ ಗೂಗಲ್‌ನ ಬದಲಾವಣೆಗಳೆಲ್ಲ ವಾಕ್ಯದ ಅರ್ಥ ಹಿಡಿಯುವುದಕ್ಕೇ ಬಂದದ್ದು. ಆ ಅರವತ್ತು ಪ್ರಶ್ನೆಗೂ ಉತ್ತರ ಒಂದೇ ಆದರೆ ಪುಟವೂ ಒಂದೇ ಸಾಕು. ಇಲ್ಲದಿದ್ದರೆ ನಿಮ್ಮ ಪುಟಗಳೇ ಒಂದರ ಕಾಲು ಒಂದು ಎಳೆಯುತ್ತವೆ. ಈ ವಾರ ಒಂದು ಪುಟ ಮೂವತ್ತನೇ ಜಾಗದಲ್ಲಿ, ಮುಂದಿನ ವಾರ ಇನ್ನೊಂದು ನಲವತ್ತರಲ್ಲಿ, ಯಾವುದೂ ಮೇಲೆ ಬರುವುದಿಲ್ಲ. ಇಂಥ ಪುಟಗಳನ್ನು ಸರ್ಚ್‌ಗೋಸ್ಕರವೇ ರಾಶಿ ಹಾಕುವುದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೂ ವಿರುದ್ಧ.

ಬಿಲ್ಲಿನಲ್ಲಿ ಇನ್ನೆರಡು ಐಟಂ ಇತ್ತು. ಪ್ರತಿ ಪುಟಕ್ಕೂ ಮೆಟಾ ಕೀವರ್ಡ್ ಟ್ಯಾಗ್ (ಓದುಗರಿಗೆ ಕಾಣದ, ಪುಟದ ಕೋಡ್‌ನಲ್ಲಿರುವ ಪದಪಟ್ಟಿ) ಹಾಕುವುದು, 'ಎಲ್‌ಎಸ್‌ಐ ಕೀವರ್ಡ್' (ಮುಖ್ಯ ಪದಕ್ಕೆ ಸಂಬಂಧಪಟ್ಟದ್ದು ಅಂತ ಹೇಳಿ ತುಂಬುವ ಪದಗಳು) ಸೇರಿಸುವುದು. ರ್‍ಯಾಂಕಿಂಗ್‌ಗೆ ಮೆಟಾ ಕೀವರ್ಡ್ ಟ್ಯಾಗ್ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಎಲ್‌ಎಸ್‌ಐ ಕೀವರ್ಡ್ ಅನ್ನುವುದೇ ಇಲ್ಲ ಅಂತ ಗೂಗಲ್‌ನ ಜಾನ್ ಮ್ಯೂಲರ್ 2019ರಲ್ಲಿ ಹೇಳಿದ್ದಾರೆ. ಬಿಲ್ಲಿನಲ್ಲಿ ಈ ಎರಡರಲ್ಲಿ ಒಂದು ಕಂಡರೂ ಅಲ್ಲಿಂದ ಎದ್ದು ಬನ್ನಿ.

ಇಷ್ಟಾದರೂ ಹೊಟ್ಟೆ ಉರಿದದ್ದು ಇದಕ್ಕಲ್ಲ. ನನ್ನ ಹಳೆಯ ಬರಹಗಳಿಗೂ ಅವನು ಕೈ ಹಾಕಿದ್ದ. ಬಟ್ಟೆಯ ಅಡಿಯಲ್ಲಿ ದಾರ ಗಂಟು ಕಟ್ಟುವುದರ ಬಗ್ಗೆ ಒಂದು ಬರಹ ಇತ್ತು. ನನ್ನ ಸೈಟ್‌ಗೆ ಬರುವವರಲ್ಲಿ ಸುಮಾರು ಅರ್ಧ ಜನ ಅದಕ್ಕೇ ಬರುತ್ತಿದ್ದರು. ಅದರ ಶುರು ಹೀಗಿತ್ತು: "ಗಂಟು ಕಾಣುವುದು ಅಡಿಯಲ್ಲಿ, ತಪ್ಪು ಇರುವುದು ಮೇಲೆ. ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಕೆಳಗಿಳಿಸಿಕೊಂಡು ದಾರ ಪೋಣಿಸಿದರೆ, ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ದಾರ ಕೂರುವುದಿಲ್ಲ. ಪಾದ ಮೇಲೆತ್ತಿ, ಮೊದಲಿನಿಂದ ಪೋಣಿಸಿ." ಎಷ್ಟೋ ಜನರಿಗೆ ಅಲ್ಲಿಗೇ ಸಮಸ್ಯೆ ಮುಗಿಯುತ್ತಿತ್ತು. ಅವನು ಅದನ್ನು ಹೀಗೆ ಮಾಡಿದ್ದ: "ಹೊಲಿಗೆ ಯಂತ್ರ ದಾರ ಸಮಸ್ಯೆ ಎಲ್ಲ ಹೊಲಿಗೆ ಯಂತ್ರಗಳಲ್ಲಿ ಬರುವ ಹೊಲಿಗೆ ಯಂತ್ರ ಸಮಸ್ಯೆ. ಈ ಲೇಖನದಲ್ಲಿ ಹೊಲಿಗೆ ಯಂತ್ರ ದಾರ ಸಮಸ್ಯೆ ಪರಿಹಾರ ತಿಳಿಯೋಣ." ಪಾದ ಮೇಲೆತ್ತಿ ಅನ್ನುವ ಮಾತು ನಾಲ್ಕು ಸ್ಕ್ರಾಲ್ ಕೆಳಗೆ ಹೋಗಿತ್ತು. ಒಬ್ಬ ಓದುಗರು ಮೇಲ್ ಮಾಡಿದ್ದರು: "ಮೊದಲು ಇಲ್ಲಿ ಉತ್ತರ ತಕ್ಷಣ ಸಿಗುತ್ತಿತ್ತು, ಈಗ ಓದಲಿಕ್ಕೇ ಆಗುತ್ತಿಲ್ಲ. ಬೇರೆ ಯಾರಾದರೂ ಬರೆಯುತ್ತಿದ್ದಾರಾ?" ನಾನು ಅದನ್ನು ಅವನಿಗೇ ಫಾರ್ವರ್ಡ್ ಮಾಡಿದೆ. ಗೂಗಲ್‌ಗೆ ಹೊಂದಿಕೊಳ್ಳಲು ಸಮಯ ಬೇಕು, ತಾಳ್ಮೆ ಇರಲಿ ಅಂದ. ಸುಮ್ನಾದೆ.

ಮೂರು ತಿಂಗಳಿಗೆ ರಿಪೋರ್ಟ್ ಬಂತು. ಹತ್ತರಲ್ಲಿ ಎಂಟು ಕೀವರ್ಡ್ ಮೊದಲ ಪುಟದಲ್ಲಿ! ಸ್ಕ್ರೀನ್‌ಶಾಟ್ ಸಮೇತ. ನಾನೂ ಹುಡುಕಿ ನೋಡಿದೆ, ನಿಜವಾಗಿಯೂ ಇತ್ತು. ಖುಷಿಯಿಂದ ಮುಂದಿನ ಮೂರು ತಿಂಗಳಿಗೂ ದುಡ್ಡು ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತಿದೆ.

ಮೊದಲ ಪುಟಕ್ಕೆ ಬಂದರೂ ಓದುಗರು ಯಾಕೆ ಇಳಿಯುತ್ತಿದ್ದಾರೆ ಅಂತ ತಲೆ ಕೆಟ್ಟು ಒಂದು ಭಾನುವಾರ ಸರ್ಚ್ ಕನ್ಸೋಲ್ ತೆರೆದು ಕೂತೆ. ಅವನು ಗೆದ್ದೆ ಅಂದ ಎಂಟು ಪದಗಳನ್ನು ಒಂದೊಂದಾಗಿ ಫಿಲ್ಟರ್ ಮಾಡಿದೆ. ಅವೆಲ್ಲ ಏಳೆಂಟು ಪದಗಳನ್ನು ಎಳೆದು ಜೋಡಿಸಿದ ಸಾಲುಗಳು, 'ಮನೆ ಬಳಕೆ ಹೊಲಿಗೆ ಯಂತ್ರ ದುರಸ್ತಿ ಸಂಪೂರ್ಣ ಸಲಹೆ ಪಟ್ಟಿ' ಅನ್ನುವಂಥವು. ಮೂರು ತಿಂಗಳಲ್ಲಿ ಅವು ಎಂಟಕ್ಕೂ ಸೇರಿ 14 ಇಂಪ್ರೆಷನ್, ಅಂದರೆ ಹುಡುಕಿದವರಿಗೆ ಕಂಡದ್ದು 14 ಸಲ, ಕ್ಲಿಕ್ ಸೊನ್ನೆ. ಆ 14ರಲ್ಲಿ ಒಂದಷ್ಟು ನಾನೇ ಹುಡುಕಿದ್ದು, ಒಂದಷ್ಟು ಅವನು ಸ್ಕ್ರೀನ್‌ಶಾಟ್ ತೆಗೆಯಲು ಹುಡುಕಿದ್ದು ಇರಬೇಕು. ಯಾರೂ ಹುಡುಕದ ಪದಕ್ಕೆ ಮೊದಲ ಪುಟಕ್ಕೆ ಬರುವುದು ಯಾರಿಗೆ ಕಷ್ಟ? ಓಟಕ್ಕೆ ಒಬ್ಬನೇ ಇಳಿದರೆ ಮೊದಲ ಬಹುಮಾನ ಅವನಿಗೇ ತಾನೇ. ಗ್ಯಾರಂಟಿಯ ಗುಟ್ಟು ಅಷ್ಟೇ. ಯಾವ ಹತ್ತು ಪದ ಅಂತ ನಾನು ಕೇಳಿರಲಿಲ್ಲ, ಅವನೂ ಬಾಯಿ ಬಿಟ್ಟಿರಲಿಲ್ಲ.

ಹಾಗಂತ ಪ್ಲಾನರ್‌ನಲ್ಲಿ ಸೊನ್ನೆ ತೋರಿಸುವ ಪದಗಳೆಲ್ಲ ದಂಡ ಅಂದುಕೊಳ್ಳಬೇಡಿ. ದಿನವೂ ಆಗುವ ಹುಡುಕಾಟದಲ್ಲಿ ಸುಮಾರು 15% ಹಿಂದೆಂದೂ ಯಾರೂ ಕೇಳದವು ಅಂತ ಗೂಗಲ್ ಹೇಳುತ್ತಾ ಬಂದಿದೆ. ಕಷ್ಟದಲ್ಲಿರುವವರು ಕೀವರ್ಡ್ ನೋಡಿಕೊಂಡು ಟೈಪ್ ಮಾಡುತ್ತಾರಾ? ನನ್ನ ಕನ್ಸೋಲ್‌ನಲ್ಲಿ ಸಿಕ್ಕ ಒಂದು ಸಾಲು ನೋಡಿ: 'ಹೊಲಿಯುವಾಗ ಕಟಕಟ ಸದ್ದು ಬಂದು ಸೂಜಿ ಮುರಿಯುತ್ತೆ'. ಇದು ಆ 240ರ ಪಟ್ಟಿಯಲ್ಲಿ ಇಲ್ಲ, ಯಾವ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಆದರೆ ಇದನ್ನು ಬರೆದವರು ಯಂತ್ರದ ಮುಂದೆ ಮುರಿದ ಸೂಜಿ ಹಿಡಿದು ಕೂತಿದ್ದಾರೆ. ಅವನು ಜೋಡಿಸಿದ ಸಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ, ಅಲ್ವಾ?

ಈಗ ನಾನು ಪದ ಹುಡುಕುವುದು ಹೆಚ್ಚಾಗಿ ಅಲ್ಲೇ. ಕನ್ಸೋಲ್‌ನಲ್ಲಿ 16 ತಿಂಗಳ ಹಿಂದಿನವರೆಗೂ ಲೆಕ್ಕ ಇರುತ್ತದೆ, ಪುಕ್ಕಟೆ. ತೀರಾ ಅಪರೂಪದ ಹುಡುಕಾಟಗಳನ್ನು ತೋರಿಸುವುದಿಲ್ಲ, ಆದರೂ ಸಾಕಷ್ಟು ಸಿಗುತ್ತದೆ. ಇಂಪ್ರೆಷನ್ ಇದ್ದು ಜಾಗ ಹತ್ತರಿಂದ ಇಪ್ಪತ್ತರ ಮಧ್ಯೆ ಇರುವ ಸಾಲುಗಳನ್ನು ಮೊದಲು ನೋಡುತ್ತೇನೆ, ಅಂದರೆ ಬಾಗಿಲವರೆಗೆ ಬಂದು ನಿಂತಿರುವವು. ಆಮೇಲೆ ಆ ಸಾಲನ್ನು ಪ್ರೈವೇಟ್ ವಿಂಡೋದಲ್ಲಿ ಹುಡುಕಿ ಯಾರು ಬರುತ್ತಾರೆ, ಅಂಗಡಿಯಾ, ವಿಡಿಯೋನಾ, ಬರಹನಾ ಅಂತ ನೋಡುತ್ತೇನೆ. ಬರೀ ವಿಡಿಯೋಗಳೇ ಇದ್ದರೆ ಬಿಟ್ಟುಬಿಡುತ್ತೇನೆ. ದುಡ್ಡು ಕೊಟ್ಟು ಬಳಸುವ ಸಾಧನಗಳ 'ಡಿಫಿಕಲ್ಟಿ' (ಮೇಲೆ ಬರುವುದು ಎಷ್ಟು ಕಷ್ಟ ಅನ್ನುವ) ಸ್ಕೋರನ್ನು ನೋಡುವುದೂ ಉಂಟು, ಆದರೆ ಅದು ಆಯಾ ಕಂಪನಿಯ ಸ್ವಂತ ಅಂದಾಜು, ಗೂಗಲ್‌ನದ್ದಲ್ಲ. ಒಂದೇ ಪದಕ್ಕೆ ಎರಡು ಸಾಧನ ಎರಡು ಥರ ಹೇಳಿದ್ದನ್ನು ನೋಡಿದ್ದೇನೆ.

ರಿಪೇರಿಗೆ ಹಿಡಿದ ಸಮಯ ಹಾಳು ಮಾಡಲು ಹಿಡಿದದ್ದಕ್ಕಿಂತ ಜಾಸ್ತಿ. ಮೊದಲು ಪಾಸ್‌ವರ್ಡ್ ಬದಲಿಸಿ, ಓನರ್ ಪಟ್ಟಿಯಿಂದ ಅವನನ್ನು ತೆಗೆದೆ. ಅರವತ್ತು ಪುಟಗಳಲ್ಲಿ ನಾಲ್ಕನ್ನು ಉಳಿಸಿಕೊಂಡು ಉಳಿದವನ್ನು ಅಳಿಸಿ, ಹಳೆಯ ವಿಳಾಸಗಳಿಗೆ 301 ರೀಡೈರೆಕ್ಟ್ ಹಾಕಿದೆ, ಅಂದರೆ ಅಲ್ಲಿಗೆ ಬಂದವರು ತಾನಾಗಿ ಉಳಿದ ಪುಟಕ್ಕೆ ಹೋಗುವ ಹಾಗೆ ಮಾಡಿದೆ. ಹಳೆಯ ಬರಹಗಳ ಪ್ರತಿ ನನ್ನ ಹತ್ತಿರ ಇಟ್ಟುಕೊಂಡಿರಲಿಲ್ಲ. ಹನ್ನೊಂದು ಬರಹ ಹಳೆಯ ಬ್ಯಾಕಪ್ಪಿನಲ್ಲಿ ಸಿಕ್ಕವು, ಉಳಿದವನ್ನು ನೆನಪಿನಿಂದ ತಿರುಗಿ ಬರೆದೆ. ಯಾರಿಗಾದರೂ ಸೈಟ್ ಕೊಡುವ ಮುನ್ನ ಪೂರ್ತಿ ಪ್ರತಿ ಇಳಿಸಿ ಇಟ್ಟುಕೊಳ್ಳಿ, ಇದನ್ನು ಮಾತ್ರ ಮರೆಯಬೇಡಿ. ದಾರದ ಬರಹ ಮೊದಲು ಎರಡನೇ ಜಾಗದಲ್ಲಿತ್ತು. ಐದು ತಿಂಗಳಾಯಿತು, ಈಗ ಏಳೋ ಎಂಟೋ.

ಆ ಓದುಗರಿಗೂ ಕೊನೆಗೆ ಉತ್ತರ ಬರೆದೆ. ಬರಹ ಮೊದಲಿನ ಹಾಗೆ ಮಾಡಿದ್ದೇನೆ, ಪಾದ ಮೇಲೆತ್ತಿ ದಾರ ಪೋಣಿಸಿ ನೋಡಿ ಅಂದೆ. ಮರುದಿನ ಎರಡು ಸಾಲು ಬಂತು. "ಆವತ್ತೇ ಬೇರೆ ಸೈಟ್‌ನಲ್ಲಿ ಓದಿ ಸರಿಮಾಡಿಕೊಂಡೆ. ಈಗ ಏನಾದರೂ ಕೆಟ್ಟರೆ ಅಲ್ಲೇ ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ."