ಮೊದಲ ಪಿಸ್ತೂಲಾಗಿ ಟಾರ್ಗೆಟ್ .22: ಸಾವಿರಾರು ಗುಂಡು ದಾಟಿದ ಮೇಲೆ ಏನು ಉಳಿಯುತ್ತದೆ

ಕಾಗದದ ಗುರಿಗೆ ಹೊಡೆಯುವ ಹವ್ಯಾಸಕ್ಕೆ ಮೊದಲ ಪಿಸ್ತೂಲು ಯಾವುದಿರಬೇಕು ಎಂದರೆ ತೀರ್ಪು ಮೊದಲೇ ಹೇಳಿಬಿಡಬಹುದು: .22 ಎಲ್‌ಆರ್ (ಲಾಂಗ್ ರೈಫಲ್) ತೋಟಾದ್ದು, ನಳಿಕೆಯೂ ಗುರಿ ನೋಡುವ ಎರಡೂ ಸೈಟ್‌ಗಳೂ ಅಲುಗಾಡದ್ದು, ಹಿಂದಿನ ಸೈಟ್ ತಿರುಪು ತಿರುಗಿಸಿ ಹೊಂದಿಸುವಂಥದ್ದು, ಒಂದು ಕಿಲೋ ಆಸುಪಾಸಿನ ತೂಕದ್ದು. ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್ ವಿಕ್ಟರಿ ಈ ಜಾತಿಯವು. ಪರವಾನಗಿ, ಸಾಗಾಟ, ಬೀಗದ ಪೆಟ್ಟಿಗೆಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಹಣ ಕೊಡುವ ಮೊದಲೇ ಅದನ್ನು ತಿಳಿದುಕೊಂಡಿರಬೇಕು.

.22 ಯಾಕೆ? ಅದರ ಮಾಮೂಲಿ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಪಿಸ್ತೂಲಿನ ನಳಿಕೆಯಿಂದ ಸೆಕೆಂಡಿಗೆ ಸುಮಾರು 280 ಮೀಟರ್ ವೇಗದಲ್ಲಿ ಹೊರಡುತ್ತದೆ. 9 ಮಿ.ಮೀ. ತೋಟಾದ 115 ಗ್ರೇನ್ ಗುಂಡು ಏಳೂವರೆ ಗ್ರಾಂ ತೂಗುತ್ತದೆ, ವೇಗ 350 ಮೀಟರ್ ಆಸುಪಾಸು. ತೂಕವನ್ನು ವೇಗದಿಂದ ಗುಣಿಸಿ ನೋಡಿ: ಕೈಗೆ ಬೀಳುವ ಒದೆತ ಮೂರು ಪಟ್ಟಿಗೂ ಹೆಚ್ಚು. ಒದೆತ ನೋವು ಕೊಡುತ್ತದೆ ಅನ್ನುವುದು ಸಣ್ಣ ತಕರಾರು. ಅದು ತಪ್ಪನ್ನು ಮುಚ್ಚಿಹಾಕುತ್ತದೆ ಅನ್ನುವುದೇ ದೊಡ್ಡದು. ಹೊಸಬರ ಕೈ ಸದ್ದಿಗೆ ಹೆದರಿ, ಗುಂಡು ಸಿಡಿಯುವ ಕ್ಷಣದ ಮುಂಚೆಯೇ ಪಿಸ್ತೂಲನ್ನು ಕೆಳಕ್ಕೆ ಒತ್ತುತ್ತದೆ. 9 ಮಿ.ಮೀ.ನಲ್ಲಿ ಆ ಒತ್ತುವಿಕೆ ಒದೆತದೊಳಗೆ ಕಲೆತುಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಬಲಗೈಯವರ ಗುಂಡುಗಳು ಗುರಿಯ ಎಡ ಕೆಳಗೆ ಚೆಲ್ಲಾಡುತ್ತವೆ, ಬೈಗುಳ ಸೈಟ್‌ಗೆ ಬೀಳುತ್ತದೆ. .22ರಲ್ಲಿ ಮುಂದಿನ ಸೈಟ್ ಎಷ್ಟು ಎದ್ದಿತು, ಎತ್ತ ಹೊರಳಿತು ಎಂದು ಸ್ಪಷ್ಟವಾಗಿ ಕಾಣುತ್ತದೆ. ಅನುಮಾನವಿದ್ದರೆ ಬೇರೆಯವರ ಕೈಯಲ್ಲಿ ಮ್ಯಾಗಝಿನ್ (ತೋಟಾ ಜೋಡಿಸುವ ಡಬ್ಬಿ) ತುಂಬಿಸಿ, ನಡುವೆ ಒಂದೆರಡು ನಕಲಿ ತೋಟಾ ಸೇರಿಸಲು ಹೇಳಿ. ನಕಲಿಯ ಸರದಿ ಬಂದಾಗ ನಳಿಕೆಯ ತುದಿ ತಲೆ ಬಾಗಿಸಿತೆಂದರೆ ರೋಗ ಸಿಕ್ಕಿತು.

ಸೈಟ್‌ಗಳ ಲೆಕ್ಕವೂ ಇದೇ ದಿಕ್ಕಿಗೆ ಬರುತ್ತದೆ. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ 220 ಮಿ.ಮೀ. ಇದ್ದು, ಮುಂದಿನದು ಹಿಂದಿನದರ ಕಿಂಡಿಯ ನಡುವಿನಿಂದ ಒಂದು ಮಿ.ಮೀ. ಸರಿದರೆ 25 ಮೀಟರ್‌ನಲ್ಲಿ ಗುಂಡು 114 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಅಂತರ 150 ಮಿ.ಮೀ.ಗೆ ಇಳಿದರೆ ಅದೇ ತಪ್ಪು 167 ಮಿ.ಮೀ. ಆಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯ 25 ಮೀಟರ್ ನಿಖರ ಗುರಿಯಲ್ಲಿ ಹತ್ತರ ವೃತ್ತದ ಅಗಲ 50 ಮಿ.ಮೀ. ಮಾತ್ರ. ಗಿಡ್ಡ ನಳಿಕೆಯ, ಜೇಬಿಗೆ ಹೊಂದುವ ಪಿಸ್ತೂಲನ್ನು ಮೊದಲು ಕೊಂಡವರು ಬೇಗ ಬೇಸರಗೊಳ್ಳುವುದಕ್ಕೆ ಈ ಸಣ್ಣ ಭಾಗಾಕಾರವೇ ಕಾರಣ.

ಹಿಂದಿನ ಸೈಟ್ ಅನ್ನು ಗುಂಡು ಎತ್ತ ಹೋಗಬೇಕೋ ಅತ್ತಲೇ ಸರಿಸಬೇಕು. ಹೊಂದಿಸುವ ಮುನ್ನ ಕನಿಷ್ಠ ಹತ್ತು ಗುಂಡು ಹೊಡೆದು ಆ ಗುಂಪಿನ ನಡು ನೋಡಿ. ಒಂದೊಂದು ಗುಂಡಿಗೂ ತಿರುಪು ತಿರುಗಿಸುವವರು ತಮ್ಮ ಕೈನಡುಕವನ್ನೇ ಬೆನ್ನಟ್ಟುತ್ತಿರುತ್ತಾರೆ.

ಹಿಡಿಕೆಯನ್ನು ಚಿತ್ರ ನೋಡಿ ಆರಿಸಲಾಗದು. ಹೆಬ್ಬೆರಳು ತೋರುಬೆರಳ ನಡುವಿನ ಚರ್ಮ ಹಿಡಿಕೆಯ ಹಿಂಬದಿಗೆ ಆದಷ್ಟು ಮೇಲೆ ಕೂರಬೇಕು. ಅಲ್ಲಿಂದ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್‌ನ ನಡುವಿಗೆ ಎಟುಕಬೇಕು, ಬೆರಳಿನ ಉಳಿದ ಭಾಗ ಚೌಕಟ್ಟಿಗೆ ತಾಗಬಾರದು. ರೇಂಜ್‌ನಲ್ಲಿ, ಖಾಲಿ ಎಂದು ಖಚಿತಪಡಿಸಿಕೊಂಡ ಪಿಸ್ತೂಲನ್ನು ಗುರಿಯ ಕಡೆಗೆ ಹಿಡಿದು ಕಣ್ಣು ಮುಚ್ಚಿ, ಕೈ ತನ್ನಷ್ಟಕ್ಕೆ ನೆಲೆಯೂರಲಿ, ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಸೈಟ್ ಪ್ರತಿ ಸಲವೂ ಕಿಂಡಿಯಿಂದ ಮೇಲೆದ್ದೋ ಕೆಳಗಿಳಿದೋ ಕಂಡರೆ ಹಿಡಿಕೆಯ ಓರೆ ನಿಮ್ಮ ಮಣಿಕಟ್ಟಿಗೆ ಒಪ್ಪುತ್ತಿಲ್ಲ. ಮಾರ್ಕ್ 4ರಲ್ಲಿ ಹಳೆಯ ಶೈಲಿಯ ಹೆಚ್ಚು ಓರೆಯ ಹಿಡಿಕೆಯೂ ಉಂಟು, 1911 ಪಿಸ್ತೂಲಿನ ಓರೆಯನ್ನು ಅನುಸರಿಸುವ 22/45 ರೂಪವೂ ಉಂಟು. ಎರಡನ್ನೂ ಹಿಡಿದು ನೋಡದೆ ತೀರ್ಮಾನಿಸಬೇಡಿ. ಹಗುರ ಮಾದರಿಗಳು ಅಂಗಡಿಯಲ್ಲಿ ಸುಖ ಅನ್ನಿಸುತ್ತವೆ, ಆದರೆ ಒಂಟಿಗೈಯಲ್ಲಿ ಹೊಡೆಯುವಾಗ ಮೂತಿಯ ಕಡೆ ಸ್ವಲ್ಪ ಭಾರವಿದ್ದರೇ ನಡುಕ ನಿಧಾನವಾಗುತ್ತದೆ.

ಟ್ರಿಗರ್ ವಿಷಯದಲ್ಲಿ ಜನ ತೂಕದ ಸಂಖ್ಯೆಗೆ ಜೋತುಬೀಳುತ್ತಾರೆ. 25 ಮೀಟರ್ ಸ್ಪರ್ಧೆಯ ನಿಯಮದಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ತಡೆಯಬೇಕು. ಕಾರ್ಖಾನೆಯಿಂದ ಬರುವ ಹವ್ಯಾಸಿ ಪಿಸ್ತೂಲುಗಳಲ್ಲಿ ಅದು ಸಾಮಾನ್ಯವಾಗಿ 2 ಕಿಲೋ ಸುತ್ತಮುತ್ತ ಇರುತ್ತದೆ. ಅಳೆಯಲು ಉಪಕರಣವೇ ಬೇಕಿಲ್ಲ. ಖಾಲಿ ಪಿಸ್ತೂಲನ್ನು ಮೂತಿ ಮೇಲೆ ಮಾಡಿ ನೆಟ್ಟಗೆ ಹಿಡಿದು, ಟ್ರಿಗರ್‌ಗೆ ಕೊಕ್ಕೆ ಹಾಕಿ ನೀರಿನ ಬಾಟಲಿ ತೂಗುಬಿಟ್ಟು ಮೆಲ್ಲಗೆ ಎತ್ತಿ. ಒಂದು ಲೀಟರ್ ನೀರು ಒಂದು ಕಿಲೋ. ಎಷ್ಟು ನೀರಿಗೆ ಕಳಚಿತೋ ಅದೇ ತೂಕ. ಆದರೆ ಎರಡು ಕಿಲೋ ಇದ್ದೂ ಗಾಜು ಒಡೆದಂತೆ ಚಟ್ಟನೆ ಕಳಚುವ ಟ್ರಿಗರ್, ಒಂದೂವರೆ ಕಿಲೋದಲ್ಲಿ ಮರಳಿನ ಮೇಲೆ ಎಳೆದಂತೆ ತೆವಳುವ ಟ್ರಿಗರ್‌ಗಿಂತ ಮೇಲು. ಮೂರು ಸಾವಿರ ಗುಂಡಿನ ಹೊತ್ತಿಗೆ ಒರಟುತನ ತುಸು ಸವೆದು ನಯವಾಗುತ್ತದೆ, ಆದ್ದರಿಂದ ಮೊದಲ ವಾರವೇ ಬದಲಿ ಟ್ರಿಗರ್ ಕೊಳ್ಳಬೇಡಿ. ತೋಟಾ ಸಿಡಿಸುವ ಹ್ಯಾಮರನ್ನು ಹಿಡಿದಿಡುವ ಒಳಗಿನ ಕೊಕ್ಕೆ ಸಿಯರ್ ಅನ್ನು ಮನೆಯಲ್ಲಿ ಕಲ್ಲಿಗೆ ಉಜ್ಜಿ ಹಗುರ ಮಾಡುವುದಂತೂ ಬೇಡವೇ ಬೇಡ. ಅದರ ಮೇಲ್ಮೈಯ ಗಡಸು ಪದರ ತೆಳ್ಳಗಿರುತ್ತದೆ. ಅದು ಹೋದರೆ ಒಂದು ಎಳೆತಕ್ಕೆ ಎರಡು ಗುಂಡು ಸಿಡಿಯುವ ಸ್ಥಿತಿಗೆ ಬರುತ್ತದೆ. ಹಾಗೆ ಒಮ್ಮೆ ಆದರೂ ಆ ದಿನದ ಆಟ ಅಲ್ಲಿಗೆ ನಿಲ್ಲಿಸಿ, ಪಿಸ್ತೂಲು ಪರಿಣತ ಮಿಸ್ತ್ರಿಯ ಬಳಿಗೆ ಹೋಗಲಿ.

ಇನ್ನು ದೀರ್ಘ ಬಳಕೆಯಲ್ಲಿ ಕಾಡುವ ನಿಜವಾದ ಸಂಗತಿ: ತೋಟಾ. .22ರಲ್ಲಿ ಕಿಡಿ ಹೊತ್ತಿಸುವ ರಸಾಯನ ತೋಟಾದ ಕೋಶದ ಬುಡದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲೋ ಒಂದು ಕಡೆ ಅದು ತೆಳುವಾಗಿದ್ದು ಪಿನ್ ಅಲ್ಲಿಗೇ ಬಡಿದರೆ ಸದ್ದೇ ಇಲ್ಲ. ಆಗ ಮೂತಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು. ನಂತರ ತೋಟಾ ಹೊರತೆಗೆದು ಬುಡದ ಗುರುತು ನೋಡಿ. ಗುರುತು ಆಳವಾಗಿದ್ದರೆ ತೋಟಾದ ದೋಷ. ಆಳವಿಲ್ಲದಿದ್ದರೆ ಪಿಸ್ತೂಲಿನದು: ಪಿನ್ನಿನ ದಾರಿಯಲ್ಲಿ ಮಸಿ ಕಟ್ಟಿದೆ, ಇಲ್ಲವೇ ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಪೂರ್ತಿ ಮುಚ್ಚಿಲ್ಲ. ಬೋಲ್ಟ್ ಮುಚ್ಚದಿರುವುದಕ್ಕೆ ಬಹುಪಾಲು ಕಾರಣ ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಗೂಡಿನಲ್ಲಿ, ಕಟ್ಟಿದ ಮಸಿ ಮತ್ತು ಸೀಸದ ಬಳೆ.

ಖಾಲಿ ಕೋಶ ಹೊರಹಾರದೆ ಬೋಲ್ಟಿನ ಬಾಯಲ್ಲಿ ಹೊಗೆ ಕೊಳವೆಯಂತೆ ನೆಟ್ಟಗೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಕೋಶ ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಸಂದಿನ ಕೊಳೆಯನ್ನು, ಆಮೇಲೆ ದುರ್ಬಲ ತೋಟಾವನ್ನು, ಕೊನೆಗೆ ಸಡಿಲ ಮಣಿಕಟ್ಟನ್ನು. ಈ ಪಿಸ್ತೂಲುಗಳು ಗುಂಡಿನ ಒದೆತದಿಂದಲೇ ಬೋಲ್ಟ್ ಹಿಂದಕ್ಕೆ ದೂಡುತ್ತವೆ. ಕಡಿಮೆ ಮದ್ದಿನ ಮೆಲುಸದ್ದಿನ ತೋಟಾಗಳಿಗೆ ಆ ಬಲವೇ ಇರುವುದಿಲ್ಲ. ಐದಾರು ಬಗೆಯ ತೋಟಾ ತಲಾ 50ರಂತೆ ತಂದು, ಕೈಯನ್ನು ಮೂಟೆಯ ಮೇಲೆ ಊರಿ, 25 ಮೀಟರ್‌ನಲ್ಲಿ ಹತ್ತತ್ತು ಗುಂಡಿನ ಗುಂಪು ಹೊಡೆದು ನೋಡಿ. ಒಂದೇ ಪಿಸ್ತೂಲಿನಲ್ಲಿ ಒಂದು ಬಗೆಯದು ಇನ್ನೊಂದರ ಅರ್ಧ ಗಾತ್ರದ ಗುಂಪು ಕೊಟ್ಟರೆ ಅಚ್ಚರಿಪಡಬೇಡಿ. ಒಪ್ಪಿದ್ದು ಸಿಕ್ಕಿದ ಮೇಲೆ ಒಂದೇ ಲಾಟಿನದನ್ನು ಹೆಚ್ಚು ಕೊಂಡಿಡುವುದು ಜಾಣತನ.

ಒಂದು ಎಚ್ಚರಿಕೆ ಮಾತ್ರ ಗಟ್ಟಿ ದನಿಯಲ್ಲಿ. ಎಂದಿನ ಸದ್ದಿಗಿಂತ ಮೆಲ್ಲಗೆ ಪುಸ್ ಎಂದು, ಒದೆತವೂ ಇಲ್ಲದೆ ಗುಂಡು ಹೋಯಿತೆನಿಸಿದರೆ ಮುಂದಿನದನ್ನು ಹೊಡೆಯಬೇಡಿ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಮ್ಯಾಗಝಿನ್ ತೆಗೆದು, ಚೇಂಬರ್ ಖಾಲಿ ಮಾಡಿ, ಸರಳು ತೂರಿಸಿ ನಳಿಕೆ ಆರಪಾರವಿದೆಯೇ ನೋಡಿ. ನೋಡದೆ ಇನ್ನೊಂದು ಹೊಡೆದರೆ ನಳಿಕೆ ಉಬ್ಬುತ್ತದೆ.

ಮ್ಯಾಗಝಿನ್‌ಗಳು ಈ ಜಾತಿಯಲ್ಲಿ ಸಾಮಾನ್ಯವಾಗಿ ಹತ್ತು ತೋಟಾದವು. ನಾಲ್ಕು ಇಟ್ಟುಕೊಂಡು ತಳಕ್ಕೆ ಬಣ್ಣದಲ್ಲಿ 1, 2, 3, 4 ಎಂದು ಬರೆಯಿರಿ. ತೊಂದರೆ ಕೊಟ್ಟಾಗಲೆಲ್ಲ ಅಂಕಿ ಟಿಪ್ಪಣಿ ಮಾಡಿಕೊಂಡರೆ ತಿಂಗಳೊಳಗೆ ಕಳ್ಳ ಸಿಕ್ಕಿಬೀಳುತ್ತಾನೆ: ಸಿಮೆಂಟು ನೆಲಕ್ಕೆ ಬಿದ್ದು ತುಟಿ ಅಗಲವಾದ ಒಂದೇ ಒಂದು ಮ್ಯಾಗಝಿನ್ ಇಡೀ ಪಿಸ್ತೂಲಿಗೆ ಕೆಟ್ಟ ಹೆಸರು ತಂದಿರುತ್ತದೆ.

ಶುಚಿ ಮಾಡುವುದರಲ್ಲಿ ಅತಿ ಮಾಡುವವರೇ ಹೆಚ್ಚು. .22 ಗುಂಡಿಗೆ ಮೇಣವೋ ಗ್ರೀಸೋ ಸವರಿರುತ್ತದೆ. ನಳಿಕೆಯ ಒಳಗೋಡೆಗೆ ಅದರ ತೆಳು ಲೇಪ ಕೂತ ಮೇಲೆಯೇ ಗುಂಪು ಸ್ಥಿರವಾಗುತ್ತದೆ. ನಳಿಕೆಯನ್ನು ಪ್ರತಿ ಸಲ ತಂತಿ ಬ್ರಷ್‌ನಿಂದ ತಿಕ್ಕಿದರೆ ಮುಂದಿನ ಹತ್ತಿಪ್ಪತ್ತು ಗುಂಡು ಆ ಲೇಪ ಕಟ್ಟುವುದಕ್ಕೇ ಹೋಗುತ್ತವೆ. ಚೇಂಬರ್, ಬೋಲ್ಟಿನ ಮುಖ, ಎಕ್ಸ್‌ಟ್ರಾಕ್ಟರ್ ಸಂದು ಇವುಗಳನ್ನು 300ರಿಂದ 500 ಗುಂಡಿಗೊಮ್ಮೆ ಒರೆಸಿ. ನಳಿಕೆಗೆ ಗುಂಪು ದೊಡ್ಡದಾದಾಗ ಮಾತ್ರ ಕೈಹಾಕಿ, ಅದೂ ಸಾಧ್ಯವಾದರೆ ಹಿಂಬದಿಯಿಂದ, ಏಕೆಂದರೆ ಮೂತಿಯ ಅಂಚಿಗೆ ಸರಳು ಉಜ್ಜಿ ಸವೆದರೆ ನಿಖರತೆ ಶಾಶ್ವತವಾಗಿ ಹೋಗುತ್ತದೆ. ಎಣ್ಣೆ ಬೋಲ್ಟಿನ ಜಾರುಗೆರೆಗಳಿಗೆ ಎರಡು ಮೂರು ಹನಿ ಸಾಕು. ಹೆಚ್ಚಾದದ್ದು ಮಸಿ, ಮೇಣದೊಂದಿಗೆ ಕಲೆತು ಕರಿ ಅಂಟಾಗುತ್ತದೆ.

ಬಿಚ್ಚಿ ಜೋಡಿಸುವುದರಲ್ಲಿ ಮೊದಲು ಹೇಳಿದ ಮೂರು ಪಿಸ್ತೂಲಿಗೂ ಅವುಗಳದೇ ಸ್ವಭಾವ. 2016ರಲ್ಲಿ ಬಂದ ಮಾರ್ಕ್ 4ರ ಹಿಂಬದಿಯ ಗುಂಡಿ ಒತ್ತಿದರೆ ಮೇಲ್ಭಾಗ ಕೀಲಿನ ಮೇಲೆ ಬಾಗಿ ಕಳಚಿಕೊಳ್ಳುತ್ತದೆ. ಅದರ ಹಿಂದಿನ ಮಾರ್ಕ್ 3 ವರೆಗಿನವನ್ನು ಮರುಜೋಡಿಸುವುದು ಕುಖ್ಯಾತ ತಲೆನೋವು, ಹ್ಯಾಮರಿನ ಕಡ್ಡಿ ಸರಿಯಾದ ಕಡೆ ಬೀಳುವವರೆಗೆ ಬಿಡದು. ವಿಕ್ಟರಿಗೆ ಒಂದು ತಿರುಪು. ಬಕ್ ಮಾರ್ಕ್‌ಗೆ ಮೇಲಿನ ಪಟ್ಟಿಯ ತಿರುಪುಗಳನ್ನು ಷಡ್ಭುಜ ಕೀಲಿಯಿಂದ ಬಿಚ್ಚಬೇಕು, ಆ ಪಟ್ಟಿಯ ಮೇಲೆಯೇ ಹಿಂದಿನ ಸೈಟ್ ಇದೆ. ಹಾಗಾಗಿ ಮರಳಿ ಬಿಗಿಗೊಳಿಸಿದ ಮೇಲೆ ಗುಂಪು ಎಲ್ಲಿ ಬೀಳುತ್ತದೆ ಎಂದು ಪರೀಕ್ಷಿಸಿಕೊಳ್ಳಿ. ಮಾರ್ಕ್ 4ರಲ್ಲಿ ಮ್ಯಾಗಝಿನ್ ಒಳಗಿಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದು. ಸುರಕ್ಷತೆಗೆ ಒಳ್ಳೆಯದೇ, ಆದರೆ ಒಣ ಅಭ್ಯಾಸಕ್ಕೆ ಖಾಲಿ ಮ್ಯಾಗಝಿನ್ ಹಾಕಲೇಬೇಕು.

ಒಣ ಅಭ್ಯಾಸವೆಂದರೆ ತೋಟಾ ಇಲ್ಲದೆ ಟ್ರಿಗರ್ ಎಳೆದು ಕಲಿಯುವುದು. ಇದರಲ್ಲಿ .22ರಂಥ, ಅಂಚಿಗೆ ಬಡಿದು ಸಿಡಿಸುವ ರಿಮ್‌ಫೈರ್‌ಗೆ ಒಂದು ಅಪಾಯವಿದೆ. ಕೋಶದ ಅಂಚು ನಡುವೆ ಇಲ್ಲದಿದ್ದರೆ ಕೆಲವು ಪಿಸ್ತೂಲುಗಳಲ್ಲಿ ಪಿನ್ ನೇರ ಚೇಂಬರಿನ ಉಕ್ಕಿಗೆ ಬಡಿದು ಹಳ್ಳ ಮಾಡುತ್ತದೆ, ಆಮೇಲೆ ತೋಟಾ ಒಳಹೋಗುವಾಗ ಹೊರಬರುವಾಗ ಅಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕೈಪಿಡಿ ಒಪ್ಪಿಗೆ ಕೊಡದಿದ್ದರೆ ನಕಲಿ ತೋಟಾ ಹಾಕಿ. ಗೋಡೆಗೆ ಮೊಳೆ ಕೂರಿಸುವ ಸಣ್ಣ ಪ್ಲಾಸ್ಟಿಕ್ ಪ್ಲಗ್‌ಗಳನ್ನೂ ಅಭ್ಯಾಸಿಗಳು ಬಳಸುತ್ತಾರೆ, ಹತ್ತು ಹದಿನೈದು ಬಡಿತಕ್ಕೆ ತಿರುಗಿಸಿಟ್ಟರೆ ಸಾಕು. ನಿಜವಾದ ತೋಟಾದ ಡಬ್ಬಿ ಆ ಕೋಣೆಯಲ್ಲೇ ಇರಬಾರದು.

ಬೇರೆ ಆಯ್ಕೆಗಳೂ ಇವೆ. .22 ರಿವಾಲ್ವರ್ ಎಂಥ ದುರ್ಬಲ ತೋಟಾವನ್ನೂ ಹೊಡೆಯುತ್ತದೆ, ಖಾಲಿ ಕೋಶ ಹೆಕ್ಕುವ ಕೆಲಸವಿಲ್ಲ. ಆದರೆ ಹ್ಯಾಮರ್ ಎತ್ತದೆ ಎಳೆದರೆ ಟ್ರಿಗರ್ ಐದು ಕಿಲೋ ಹತ್ತಿರ ಭಾರ, ಚೇಂಬರುಗಳು ಮಸಿಯಾದಂತೆ ಕೋಶ ಅಂಟಿಕೊಳ್ಳುತ್ತದೆ. ಗ್ಲಾಕ್ 44, ಟಾರಸ್ ಟಿಎಕ್ಸ್ 22 ಥರದವು ಮುಂದೆ 9 ಮಿ.ಮೀ. ಕೊಳ್ಳುವವರಿಗೆ ಅದೇ ಹಿಡಿತದ ಅಭ್ಯಾಸ ಕೊಡುತ್ತವೆ. ಗುರಿಗಷ್ಟೇ ಎಂದಾದರೆ ಸ್ಲೈಡ್ ಎಂಬ ಜಾರುವ ಮೇಲ್ಭಾಗದಲ್ಲಿ ಕೂತ ಸೈಟ್ ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುತ್ತದೆ ಎಂಬುದು ನೆನಪಿರಲಿ. 10 ಮೀಟರ್ ಏರ್ ಪಿಸ್ತೂಲು ಇವೆಲ್ಲಕ್ಕಿಂತ ಒಳ್ಳೆಯ ಗುರು. 4.5 ಮಿ.ಮೀ. ಪೆಲೆಟ್, 500 ಗ್ರಾಂ ಟ್ರಿಗರ್, ಹತ್ತರ ವೃತ್ತ ಬರೀ 11.5 ಮಿ.ಮೀ. ಸದ್ದು ಒದೆತದ ಮಜಾ ಮಾತ್ರ ಅದರಲ್ಲಿಲ್ಲ.

.22 ಸಣ್ಣದೆಂದು ಕಿವಿ ಬಿಟ್ಟು ಹೊಡೆಯಬೇಡಿ. ಪಿಸ್ತೂಲಿನಲ್ಲಿ ಅದರ ಸದ್ದೂ 140 ಡೆಸಿಬೆಲ್ ದಾಟುತ್ತದೆ. ಒಳಾಂಗಣ ರೇಂಜ್‌ನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಇರಲಿ, ಕಣ್ಣಿಗೆ ಕನ್ನಡಕ. ಮುಗಿದ ಮೇಲೆ ಸೋಪು ಹಚ್ಚಿ ಕೈ ಮುಖ ತೊಳೆಯದೆ ತಿನ್ನಬೇಡಿ, ಗುಂಡಿನ ಸೀಸವೂ ಅಂಚಿನ ರಸಾಯನದ ಸೀಸವೂ ಕೈಗೆ ಅಂಟಿರುತ್ತವೆ.

ಈ ಜಾತಿಯ ಪಿಸ್ತೂಲು ಬೇಗ ಸವೆಯುವುದಿಲ್ಲವಾದ್ದರಿಂದ ಬಳಸಿದ್ದನ್ನು ಕೊಳ್ಳಲು ಹಿಂಜರಿಯಬೇಕಿಲ್ಲ. ಖಾಲಿ ಎಂದು ನೋಡಿದ ಮೇಲೆ ಬೋಲ್ಟ್ ಹಿಂದೆ ನಿಲ್ಲಿಸಿ, ಚೇಂಬರಿನ ಅಂಚಿಗೆ ಬೆಳಕು ಬಿಟ್ಟು ಪಿನ್ನಿನ ಹಳ್ಳವಿದೆಯೇ ನೋಡಿ. ನಳಿಕೆಯೊಳಗೆ ಕಪ್ಪು ಬಳೆಯಂಥ ನೆರಳು ಕಂಡರೆ ಅದು ಉಬ್ಬು, ಅಲ್ಲಿಗೇ ವಾಪಸು ಕೊಡಿ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ ಬಿಟ್ಟು, ಸೇಫ್ಟಿ ತೆಗೆದಾಗ ಹ್ಯಾಮರ್ ಬೀಳಬಾರದು. ಮಾರ್ಕ್ 4 ಆಗಿದ್ದರೆ ಇನ್ನೊಂದು ಕೆಲಸ ಬಾಕಿ: 2017ರ ಜೂನ್ 1ಕ್ಕೆ ಮುಂಚೆ ತಯಾರಾದವನ್ನು ಸೇಫ್ಟಿಯ ದೋಷಕ್ಕಾಗಿ ಕಂಪನಿ ವಾಪಸು ಕರೆದಿತ್ತು. ಸೇಫ್ಟಿ ನಡುವಿನಲ್ಲಿ ನಿಂತಿರುವಾಗ ಟ್ರಿಗರ್ ಎಳೆದರೆ, ಆಮೇಲೆ ಅದನ್ನು ಸರಿಸಿದಾಗ ಗುಂಡು ಹಾರುವ ಸಾಧ್ಯತೆ ಇತ್ತು. ಸರಣಿ ಸಂಖ್ಯೆ ಕೊಟ್ಟು, ಆ ದುರಸ್ತಿ ಆಗಿದೆ ಎಂಬ ಉತ್ತರ ಕೈಗೆ ಬರುವವರೆಗೆ ಅದಕ್ಕೆ ತೋಟಾ ತುಂಬಬೇಡಿ.