ಎಂಟು ಗ್ರೌಂಡ್ ಪಿನ್‌ಗಳು ಹೇಳಿಕೊಟ್ಟದ್ದು: ನನ್ನ ಸೋಲ್ಡರಿಂಗ್ ಸ್ಟೇಷನ್‌ಗೆ ನಾಲ್ಕು ವರ್ಷ

ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುವ ಈ ಸೋಲ್ಡರಿಂಗ್ ಸ್ಟೇಷನ್ ನನ್ನ ಮೇಜಿಗೆ ಬಂದು ನಾಲ್ಕು ವರ್ಷವಾಯಿತು. ಮೊದಲ ಎಂಟು ತಿಂಗಳು ನಾನು ದೂರಿದ್ದು ನನ್ನ ಕೈಯನ್ನು. ಕೈ ಪಳಗಿಲ್ಲ, ಅಭ್ಯಾಸ ಸಾಲದು ಎಂದುಕೊಂಡು ಹಳೆಯ ಬೋರ್ಡುಗಳ ಮೇಲೆ ಬೆಸುಗೆ ಹಾಕಿ, ಬಿಡಿಸಿ, ಮತ್ತೆ ಹಾಕಿದೆ. ತಪ್ಪು ಇದ್ದದ್ದು ಪೆಟ್ಟಿಗೆಯಲ್ಲಿ ಜೊತೆಗೆ ಬಂದ, ಬೆಸುಗೆ ಕಡ್ಡಿಯ (ಐರನ್) ತುದಿಗೆ ಕೂರುವ ಸೂಜಿಮೊನೆಯ ಬಿಟ್‌ನಲ್ಲಿ. ಹೊಸದಾಗಿ ಕಲಿಯುವವರ ಅಷ್ಟು ದಿನಗಳು ಹಾಗೆ ವ್ಯರ್ಥವಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಟೇಷನ್ನಿನ ವಿವರಗಳು. 60 ವ್ಯಾಟ್, ತಾಪಮಾನ ಹೊಂದಿಸುವ ತಿರುಗುಬಟನ್, ಒಳಗೆ ಸೆರಾಮಿಕ್ ಹೀಟರ್, ಅದರ ಮೇಲೆ ಟೋಪಿಯಂತೆ ಕೂರುವ 900ಎಂ ಮಾದರಿಯ ಬಿಟ್. ಇದೇ ಅಚ್ಚಿನ ಸ್ಟೇಷನ್‌ಗಳು ಹತ್ತಾರು ಹೆಸರಿನಲ್ಲಿ ಸಿಗುತ್ತವೆ. ಇದಕ್ಕೂ ಮೊದಲು ನನ್ನ ಬಳಿ ಇದ್ದದ್ದು 25 ವ್ಯಾಟ್‌ನ ಸಾದಾ ಐರನ್. ಅದಕ್ಕೆ ತಾಪಮಾನದ ಲಗಾಮು ಇರಲಿಲ್ಲ. ಸುಮ್ಮನೆ ಇಟ್ಟರೆ ಕಾಯುತ್ತಲೇ ಹೋಗುತ್ತಿತ್ತು, ದೊಡ್ಡ ಪ್ಯಾಡಿಗೆ (ಬೋರ್ಡಿನಲ್ಲಿ ಬೆಸುಗೆ ಕೂರುವ ತಾಮ್ರದ ಬಿಲ್ಲೆ) ಮುಟ್ಟಿಸಿದರೆ ಒಮ್ಮೆಲೇ ತಣ್ಣಗಾಗುತ್ತಿತ್ತು. ತಾಪಮಾನ ನಿಯಂತ್ರಣವಿರುವ ಸ್ಟೇಷನ್ ಬಂದರೆ ಕಷ್ಟವೆಲ್ಲ ತೀರುತ್ತದೆ ಎಂದು ನಂಬಿ ಕೆಲವು ತಿಂಗಳು ಹಣ ಕೂಡಿಟ್ಟು ಕೊಂಡೆ.

ಪೆಟ್ಟಿಗೆ ತೆರೆದಾಗ ಆ ಬಿಟ್ ನೋಡಿ ಖುಷಿಯೇ ಆಯಿತು. ಪೆನ್ಸಿಲ್ ಹೆರೆದಂತೆ ಚೂಪಾಗಿತ್ತು. ಸಣ್ಣ ಕೆಲಸಕ್ಕೆ ಸಣ್ಣ ಮೊನೆಯೇ ಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಚಿತ್ರ ಬಿಡಿಸುವವರಿಗೆ ಆ ಲೆಕ್ಕ ಸರಿ. ಬೆಸುಗೆಗೆ ಅದು ಹೊಂದುವುದಿಲ್ಲ.

ನನಗೆ ಅದು ಗೊತ್ತಾದದ್ದು ರಾಸ್ಪ್‌ಬೆರಿ ಪೈ ಪಿಕೊ ಎಂಬ, ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಬೋರ್ಡಿನಿಂದ. ಅದಕ್ಕೆ ಒಂದೊಂದು ಬದಿಗೆ 20ರಂತೆ ಒಟ್ಟು 40 ಪಿನ್‌ಗಳು. ಪಿನ್ ಪಟ್ಟಿಯನ್ನು ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ರಂಧ್ರಗಳ ಹಲಗೆಗೆ, ಅಂದರೆ ಬ್ರೆಡ್‌ಬೋರ್ಡಿಗೆ ಚುಚ್ಚಿ, ಮೇಲೆ ಪಿಕೊ ಕೂರಿಸಿ, ಒಂದು ಸಂಜೆ ಎಲ್ಲವನ್ನೂ ಬೆಸೆದೆ. ತಾಪಮಾನ ಅಳೆಯುವ ಸಂವೇದಕವೊಂದನ್ನು ಜೋಡಿಸಿದಾಗ ಅಂಕಿಗಳು ಕುಣಿಯತೊಡಗಿದವು. ಬೋರ್ಡಿನ ಅಂಚನ್ನು ಬೆರಳಿನಿಂದ ಒತ್ತಿದರೆ ಸರಿಯಾಗುತ್ತಿತ್ತು, ಬಿಟ್ಟರೆ ಮತ್ತೆ ಅದೇ ಗೋಳು. ಎರಡು ಸಂಜೆ ಪ್ರೋಗ್ರಾಂ ತಿದ್ದಿದೆ, ಸಂವೇದಕ ಬದಲಿಸಿದೆ. ಕೊನೆಗೆ ಭೂತಗನ್ನಡಿ ಹಿಡಿದು ಬೆಸುಗೆಗಳನ್ನು ಒಂದೊಂದಾಗಿ ನೋಡಿದೆ. ಹೆಚ್ಚಿನವು ಚೆನ್ನಾಗಿದ್ದವು. ಕೆಲವು ಮಾತ್ರ ಗುಂಡಗೆ ಉಬ್ಬಿ, ಪ್ಯಾಡಿಗೆ ಹರಡಿಕೊಳ್ಳದೆ, ಪಿನ್ನಿನ ಕುತ್ತಿಗೆಗೆ ಮಣಿಯಂತೆ ನೇತಾಡುತ್ತಿದ್ದವು. ರಿಪೇರಿ ಮಾಡುವವರು ಡ್ರೈ ಸೋಲ್ಡರ್ ಎನ್ನುವುದು ಇದನ್ನೇ.

ಕೆಟ್ಟವುಗಳ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡೆ: 3, 8, 13, 18, 23, 28, 33, 38. ಸರಿಯಾಗಿ ಐದೈದರ ಅಂತರ. ನಡುಗುವ ಕೈಗೆ ಅಷ್ಟೊಂದು ಶಿಸ್ತು ಇರುವುದಿಲ್ಲ. ಪಿನ್ ನಕ್ಷೆ ತೆಗೆದು ನೋಡಿದರೆ ಆ ಎಂಟೂ ಗ್ರೌಂಡ್ ಪಿನ್‌ಗಳು, ಅಂದರೆ ಸರ್ಕ್ಯೂಟಿನ ವಿದ್ಯುತ್ ಮರಳುವ ಸಾಮಾನ್ಯ ದಾರಿ. ನನ್ನ ಸಂವೇದಕದ ಗ್ರೌಂಡ್ ತಂತಿ ಇದ್ದದ್ದು 38ಕ್ಕೆ. ಉಳಿದ ಪ್ಯಾಡ್‌ಗಳಿಂದ ಹೊರಡುವುದು ಕೂದಲೆಳೆಯಂಥ ತಾಮ್ರದ ಗೆರೆ. ಗ್ರೌಂಡ್ ಪ್ಯಾಡ್ ಸೇರುವುದು ಬೋರ್ಡಿನ ತುಂಬ ಹಾಸಿರುವ ತಾಮ್ರದ ಪದರಕ್ಕೆ. ನೀವು ಕೊಟ್ಟ ಶಾಖವನ್ನೆಲ್ಲ ಆ ಪದರ ಎಳೆದುಕೊಳ್ಳುತ್ತದೆ. ಸೂಜಿಮೊನೆ ಪ್ಯಾಡನ್ನು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಆ ಚುಕ್ಕೆಯ ಮೂಲಕ ಇಳಿಯುವ ಶಾಖಕ್ಕಿಂತ ಪದರ ಒಯ್ಯುವ ಶಾಖವೇ ಹೆಚ್ಚು. ಪಿನ್ ಕಾಯುತ್ತದೆ, ಪ್ಯಾಡ್ ಕಾಯುವುದಿಲ್ಲ. ಕರಗಿದ ಸೋಲ್ಡರ್ ಬಿಸಿ ಇದ್ದ ಕಡೆಗೇ ಹೋಗಿ ನಿಲ್ಲುತ್ತದೆ.

ಈ ಸ್ಟೇಷನ್ನಿನ ಪರದೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅಷ್ಟೆಲ್ಲ ಆಗುವಾಗಲೂ ಅದು 350 ಡಿಗ್ರಿ ಎಂದು ನಿಶ್ಚಿಂತೆಯಿಂದ ತೋರಿಸುತ್ತಿತ್ತು. ತಾಪಮಾನ ಅಳೆಯುವ ಭಾಗ ಇರುವುದು ಹೀಟರಿನ ಒಳಗೆ, ಬಿಟ್‌ನ ತುದಿಯಲ್ಲಲ್ಲ. ತುದಿಯಲ್ಲಿ ಶಾಖ ಸೋರಿಹೋದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ, ಕೆಲವೊಮ್ಮೆ ತಿಳಿಯುವುದೇ ಇಲ್ಲ. ಇದನ್ನು ಅರಿಯದೆ ನಾನು ಬಟನ್ ತಿರುಗಿಸಿ 420ಕ್ಕೆ ಏರಿಸಿದ್ದೆ. ಆಗ ಕೆಡುಕು ದುಪ್ಪಟ್ಟಾಯಿತು. ಸೋಲ್ಡರ್ ತಂತಿಯೊಳಗೆ ಲೋಹವನ್ನು ಶುಚಿಗೊಳಿಸಲೆಂದು ತುಂಬಿರುವ ರಾಳ (ಫ್ಲಕ್ಸ್) ಕೆಲಸ ಮುಗಿಯುವ ಮೊದಲೇ ಸುಟ್ಟುಹೋಗುತ್ತಿತ್ತು. ಬಿಟ್ ಕಪ್ಪಾಗಿ, ಸೋಲ್ಡರನ್ನು ಹತ್ತಿರ ಸೇರಿಸದಂತಾಯಿತು. ಇನ್ನೊಂದು ಬೋರ್ಡಿನಲ್ಲಿ ಪ್ಯಾಡೇ ಅಂಟು ಬಿಟ್ಟು ಎದ್ದು ಬಂತು.

ಆಮೇಲೆ 2.4 ಮಿಲಿಮೀಟರ್ ಅಗಲದ, ಉಳಿಯ ಬಾಯಿಯಂತೆ ಚಪ್ಪಟೆಯಾದ ಬಿಟ್ ತರಿಸಿದೆ. ಸ್ಟೇಷನ್ನಿಗೆ ಕೊಟ್ಟ ಹಣದ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬರುವಂತಿರಲಿಲ್ಲ. ಬಟನ್ನನ್ನು 340ಕ್ಕೆ ಇಳಿಸಿದೆ. ಅದೇ ಪಿಕೊ, ಅದೇ 38ನೇ ಪಿನ್. ಚಪ್ಪಟೆ ಬದಿ ಪ್ಯಾಡಿನ ಮೇಲೆ ಮಲಗಿತು, ಅದರ ಅಂಚು ಪಿನ್ನಿಗೆ ಒರಗಿತು. ಎರಡು ಸೆಕೆಂಡು ಕಾದು, ಎದುರು ಬದಿಯಿಂದ ತಂತಿ ತಾಗಿಸಿದೆ. ಮಣಿ ಕಟ್ಟಿಕೊಂಡಿದ್ದ ಹಳೆಯ ಸೋಲ್ಡರ್ ಮೊದಲು ಮಂಕಾಗಿಯೇ ಇತ್ತು. ಒಮ್ಮೆಗೇ ಕನ್ನಡಿಯಂತೆ ಹೊಳೆದು, ಕುಸಿದು, ಪ್ಯಾಡಿನ ಅಂಚಿನವರೆಗೂ ಹರಿದು, ಪಿನ್ನಿನ ಸುತ್ತ ಸಣ್ಣ ಗುಡಾರದ ಆಕಾರಕ್ಕೆ ಬಂತು. ಬದಿಗಳು ಒಳಮುಖವಾಗಿ ಬಾಗಿದ್ದವು. ತಂತಿ ತೆಗೆದೆ, ಒಂದು ಕ್ಷಣ ಬಿಟ್ಟು ಐರನ್ ತೆಗೆದೆ. ಎಂಟೂ ಗ್ರೌಂಡ್ ಪಿನ್‌ಗಳು ಐದು ನಿಮಿಷದಲ್ಲಿ ಮುಗಿದವು. ಸಂವೇದಕದ ಅಂಕಿ ಅಂದಿನಿಂದ ಅಲುಗಾಡಿಲ್ಲ.

ಆ ಸಂಜೆಯಿಂದ ಈ ಸ್ಟೇಷನ್ನಿನ ಬಗ್ಗೆ ನನ್ನ ಮನಸ್ಸು ಮೆತ್ತಗಾಯಿತು. ಯಂತ್ರಕ್ಕೆ ಶಕ್ತಿ ಇತ್ತು, ಅದನ್ನು ಹೊರಗೆ ಬಿಡುವ ಬಾಗಿಲು ಮಾತ್ರ ಕಿರಿದಾಗಿತ್ತು. ಕಲಿಯುವವರಿಗೆಂದೇ ಮಾರುವ ಸ್ಟೇಷನ್ನಿನಲ್ಲಿ ಕಲಿಯುವವರಿಗೆ ಅತಿ ಕಷ್ಟವಾಗುವ ಬಿಟ್ ಇಡುವುದೇಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ದಿನದ ಕೆಲಸದ ಬಗ್ಗೆ. ಸ್ವಿಚ್ ಹಾಕಿ, ಕಾಯುವಷ್ಟರಲ್ಲಿ ಬೋರ್ಡನ್ನು ಹಿಡಿಕೆಗೆ ಸಿಕ್ಕಿಸುತ್ತೇನೆ. ದೀಪ ಮಿನುಗಲು ಶುರುವಾದೊಡನೆ ಬಿಟ್ ಅನ್ನು ಹಿತ್ತಾಳೆ ನಾರಿನ ಉಂಡೆಗೆ ಎರಡು ಸಲ ಚುಚ್ಚಿ ತೆಗೆಯುತ್ತೇನೆ. ನಿನ್ನೆ ಹಚ್ಚಿಟ್ಟಿದ್ದ ಸೋಲ್ಡರಿನ ಪೊರೆ ಕಳಚಿ, ಕೆಳಗಿನಿಂದ ಬೆಳ್ಳಿಯ ಬಣ್ಣ ಹೊರಬರುತ್ತದೆ. ನನಗೆ ಈ ಕ್ಷಣ ತುಂಬ ಇಷ್ಟ. ಒಂದು ಹನಿ ಹೊಸ ಸೋಲ್ಡರ್ ಮುಟ್ಟಿಸಿದರೆ ತುದಿಯ ಉದ್ದಕ್ಕೂ ಸರ್ರನೆ ಹರಡುತ್ತದೆ. ಆ ಹನಿಯೇ ಬಿಟ್ ಮತ್ತು ಪ್ಯಾಡಿನ ನಡುವೆ ಶಾಖ ದಾಟಿಸುವ ಸೇತುವೆ. ಒಣ ಬಿಟ್ ಎಷ್ಟು ಬಿಸಿಯಿದ್ದರೂ ಶಾಖ ಸರಿಯಾಗಿ ದಾಟುವುದಿಲ್ಲ. ಕೆಲಸ ಮುಗಿದ ಮೇಲೆ ಬಿಟ್ ಒರೆಸುವುದಿಲ್ಲ. ಧಾರಾಳವಾಗಿ ಸೋಲ್ಡರ್ ಹಚ್ಚಿ, ಹಾಗೆಯೇ ಆರಿಸುತ್ತೇನೆ. ಗಾಳಿ ತಾಗಿ ಕಪ್ಪಾಗುವುದಾದರೆ ಆ ಪೊರೆ ಕಪ್ಪಾಗಲಿ, ಬಿಟ್ ಉಳಿಯುತ್ತದೆ. ಜೊತೆಗೆ ಬಂದ ಒದ್ದೆ ಸ್ಪಂಜನ್ನು ಎರಡನೇ ವರ್ಷದಿಂದ ಮುಟ್ಟಿಲ್ಲ. ಪ್ರತಿ ಸಲವೂ ಬಿಟ್ ಒಮ್ಮೆಲೇ ತಣ್ಣಗಾಗುವುದು ನನಗೆ ಹಿಡಿಸಲಿಲ್ಲ.

ಬಿಟ್ ಒಳಗಡೆ ತಾಮ್ರ, ಮೇಲೆ ಕಬ್ಬಿಣದ ತೆಳು ಲೇಪ. ಕರಗಿದ ತವರ ತಾಮ್ರವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಕಬ್ಬಿಣ ಅದನ್ನು ತಡೆದು ನಿಲ್ಲಿಸುತ್ತದೆ. ಮೊದಲ ಐರನ್ನಿನ ಬಿಟ್ ಕಪ್ಪಾದಾಗ ನಾನು ಮರಳು ಕಾಗದದಿಂದ ಉಜ್ಜಿದ್ದೆ. ಹೊಳಪೇನೋ ಬಂತು, ಆದರೆ ಲೇಪ ಹರಿದಿತ್ತು. ಕೆಲವೇ ವಾರಗಳಲ್ಲಿ ತುದಿ ಹುಳುಕು ಹಲ್ಲಿನಂತೆ ಗುಳಿಬಿತ್ತು. ಕಪ್ಪಾದ ಬಿಟ್‌ಗೆ ಬೇಕಾದದ್ದು ಫ್ಲಕ್ಸ್, ಹೊಸ ಸೋಲ್ಡರ್, ಸ್ವಲ್ಪ ಸಹನೆ. ಅರ ಅಥವಾ ಮರಳು ಕಾಗದವನ್ನು ಹತ್ತಿರಕ್ಕೂ ತರಬೇಡಿ.

ಸೋಲ್ಡರ್ ತಂತಿಯ ವಿಷಯದಲ್ಲಿ ಉಳಿತಾಯ ಮಾಡಲು ಹೋಗಿ ಒಮ್ಮೆ ಕೆಟ್ಟಿದ್ದೇನೆ. ಹೆಸರಿಲ್ಲದ ದಪ್ಪ ತಂತಿಯ ಸುರುಳಿ ಕರಗುವಾಗ ಚಿಟಿಚಿಟಿ ಸಿಡಿದು ಎಲ್ಲೂ ಹರಡುತ್ತಿರಲಿಲ್ಲ. ಈಗ ಬಳಸುವುದು 63 ಪಾಲು ತವರ, 37 ಪಾಲು ಸೀಸದ, ಒಳಗೆ ರಾಳ ತುಂಬಿದ 0.8 ಮಿಲಿಮೀಟರ್ ತಂತಿ. ಈ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ, ಅಲ್ಲಿಯೇ ಒಮ್ಮೆಗೇ ಗಟ್ಟಿಯಾಗುತ್ತದೆ. 60/40 ಮಿಶ್ರಣ ನಡುವೆ ಕೆಲವು ಡಿಗ್ರಿ ಮೆತುವಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಪಿನ್ ಅಲುಗಿದರೆ ಬೆಸುಗೆ ಒರಟಾಗುತ್ತದೆ. ಸೀಸವಿಲ್ಲದ್ದನ್ನೂ ಬಳಸಿ ನೋಡಿದೆ. ತವರಕ್ಕೆ 3 ಶೇಕಡಾ ಬೆಳ್ಳಿ, ಅರ್ಧ ಶೇಕಡಾ ತಾಮ್ರ ಬೆರೆತ ತಂತಿ. ಕರಗಲು 217 ಡಿಗ್ರಿ ದಾಟಬೇಕು. ಚೆನ್ನಾಗಿ ಹಾಕಿದರೂ ಮೇಲ್ಮೈ ತುಸು ಮಂಕಾಗಿಯೇ ಇರುತ್ತದೆ, ಹಾಗಾಗಿ ಹೊಸಬರಿಗೆ ಒಳ್ಳೆಯದು ಯಾವುದು, ಡ್ರೈ ಯಾವುದು ಎಂದು ಕಣ್ಣಿಗೆ ತಿಳಿಯುವುದು ಕಷ್ಟ. ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸದ ಬಳಕೆಗೆ ಮಿತಿ ಹಾಕುವ ಯುರೋಪಿನ ಆರ್‌ಒಎಚ್‌ಎಸ್ ನಿಯಮ 2006ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಕಾರ್ಖಾನೆಗಳು ಇದರತ್ತ ಹೊರಳಿದವು. ಮನೆಯಲ್ಲಿ ಮಕ್ಕಳು ಮುಟ್ಟುವ ವಸ್ತು ಮಾಡುವಾಗ ನಾನೂ ಇದನ್ನೇ ಬಳಸುತ್ತೇನೆ.

ಹೊಗೆ ಬರುವುದು ರಾಳದಿಂದ, ಸೀಸದಿಂದಲ್ಲ. ಈ ಬಿಸಿಗೆ ಸೀಸ ಆವಿಯಾಗುವುದಿಲ್ಲ. ಹಾಗೆಂದು ರಾಳದ ಹೊಗೆಯನ್ನು ಹಗುರವಾಗಿ ಎಣಿಸಬೇಡಿ, ಅದು ಆಸ್ತಮಾ ತರಬಲ್ಲದು. ಮುಖದಿಂದ ಹೊಗೆಯನ್ನು ಆಚೆಗೆ ಎಳೆಯುವ ಸಣ್ಣ ಫ್ಯಾನ್ ಇಟ್ಟಿದ್ದೇನೆ, ಕಿಟಕಿ ತೆರೆದಿರುತ್ತದೆ. ಸೀಸ ದೇಹಕ್ಕೆ ಹೋಗುವ ದಾರಿ ಬೆರಳು ಮತ್ತು ಬಾಯಿ. ಕೆಲಸ ಮುಗಿಸಿ ಎದ್ದ ಕೂಡಲೇ ಸಾಬೂನು ಹಚ್ಚಿ ಕೈ ತೊಳೆಯುತ್ತೇನೆ.

ನಾಲ್ಕು ವರ್ಷದ ನಂತರವೂ ಉಳಿದಿರುವ ಕೊರತೆಗಳಿವೆ. ಐರನ್ ಮರೆತು ಎದ್ದುಹೋದರೆ ತಾನಾಗಿ ಆರುವ ವ್ಯವಸ್ಥೆ ಇದರಲ್ಲಿಲ್ಲ. ಒಮ್ಮೆ ಮೂರು ಗಂಟೆ ಹಾಗೇ ಉರಿದಿತ್ತು. ಅಂದಿನಿಂದ ಸಮಯ ಮುಗಿದರೆ ಆರುವ ಟೈಮರ್ ಪ್ಲಗ್ಗಿಗೆ ಸಿಕ್ಕಿಸಿದ್ದೇನೆ. ಸ್ಪ್ರಿಂಗ್ ಸ್ಟ್ಯಾಂಡ್ ಹಗುರ, ಕೈ ತಾಗಿದರೆ ವಾಲುತ್ತದೆ. ವೈರ್ ಈಗ ಗಡುಸಾಗಿ, ಮಣಿಕಟ್ಟನ್ನು ಎಳೆಯುತ್ತದೆ. ಬಿಟ್ ಹಿಡಿದಿಡುವ ತಿರುಪು ಆಗಾಗ ಸಡಿಲವಾಗುತ್ತದೆ. ಹೀಟರ್ ಮತ್ತು ಬಿಟ್ ನಡುವೆ ಗಾಳಿ ಉಳಿದರೆ ಶಾಖ ಅಲ್ಲಿಯೇ ನಿಲ್ಲುತ್ತದೆ. ತಣ್ಣಗಿದ್ದಾಗ ಬೆರಳಿನಿಂದ ಬಿಗಿ ಮಾಡುವುದು ವಾರದ ಕೆಲಸವಾಗಿದೆ. ಗೆಳೆಯನ ಬಳಿ ಟಿ12 ಮಾದರಿಯ ಸ್ಟೇಷನ್ ಇದೆ. ಅದರಲ್ಲಿ ಹೀಟರ್ ಮತ್ತು ಬಿಟ್ ಒಂದೇ ತುಂಡು, ಹಾಗಾಗಿ ಈ ಗಾಳಿಯ ಕಾಟವಿಲ್ಲ. ನಾನು ಬೋರ್ಡ್ ಸಿಕ್ಕಿಸಿ ಮುಗಿಸುವ ಮೊದಲೇ ಅದು ಕಾದಿರುತ್ತದೆ. ದಿನವೂ ಬೆಸುಗೆ ಹಾಕುವವರು ಅದನ್ನೇ ಕೊಳ್ಳಲಿ. ವಾರಕ್ಕೆ ಎರಡು ಸಂಜೆ ಕೂರುವ ನನಗೆ ಆ ಒಂದು ನಿಮಿಷಕ್ಕಾಗಿ ಮತ್ತೆ ಹಣ ಕೂಡಿಡುವ ಮನಸ್ಸಾಗಿಲ್ಲ.

ಉಳಿದ ಸಲಕರಣೆಗಳಲ್ಲಿ ಎರಡನ್ನು ಬಿಟ್ಟು ಕೂರಲಾರೆ. ಒಂದು, ಬೆಸೆದ ಮೇಲೆ ಉಳಿಯುವ ತಂತಿಯ ತುದಿಯನ್ನು ಬೋರ್ಡಿನ ಮಟ್ಟಕ್ಕೆ ಕತ್ತರಿಸುವ ಸಣ್ಣ ಕಟರ್. ಇನ್ನೊಂದು, ಸೋಲ್ಡರ್ ಹೀರುವ ತಾಮ್ರದ ಹೆಣಿಗೆಯ ವಿಕ್. ಕರಗಿದ ಸೋಲ್ಡರ್ ಎಳೆಯುವ ಪಂಪ್ ಕೂಡ ಇದೆ, ಆದರೆ ಗ್ರೌಂಡ್ ಪಿನ್ ಬಿಡಿಸುವಾಗ ಅದು ಅರ್ಧಂಬರ್ಧ ಎಳೆಯುತ್ತದೆ. ಅಂಥ ಕಡೆ ಮೊದಲು ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ, ಆಮೇಲೆ ವಿಕ್ ಇಟ್ಟರೆ ಹಳೆಯದೂ ಜೊತೆಗೆ ಬರುತ್ತದೆ.

ಕಳೆದ ರಜೆಯಲ್ಲಿ ಅಕ್ಕನ ಮಗಳು ಕಲಿಯಲು ಬಂದಿದ್ದಳು. ತಂತಿಯನ್ನು ನೇರವಾಗಿ ಬಿಟ್‌ಗೆ ಒತ್ತಿ, ಕರಗಿದ್ದನ್ನು ಪಿನ್ನಿಗೆ ಸವರಲು ಹೋದಳು. ತಡೆದೆ.

“ಮಾಮ, ಹೀಗೆ ಮಾಡಿದರೆ ಬೇಗ ಕರಗುತ್ತದಲ್ಲ?”

“ಬೇಗ ಕರಗುತ್ತದೆ, ಆದರೆ ಹಿಡಿಯುವುದಿಲ್ಲ. ಪ್ಯಾಡನ್ನೂ ಪಿನ್ನನ್ನೂ ಕಾಯಿಸು. ತಂತಿಯನ್ನು ಅವುಗಳಿಗೆ ಮುಟ್ಟಿಸು, ಐರನ್ನಿಗಲ್ಲ. ಅವುಗಳ ಬಿಸಿಗೇ ಕರಗಿದರೆ ಸರಿಯಾಗಿ ಕಾದಿವೆ ಎಂದರ್ಥ.”

ಮೊದಲ ದಿನದಿಂದಲೇ ಅವಳಿಗೆ ಉಳಿ ಬಿಟ್ ಕೊಟ್ಟಿದ್ದೆ. ರಂಧ್ರಗಳ ಬೋರ್ಡಿನ ಮೇಲೆ ಇಪ್ಪತ್ತು ರೆಸಿಸ್ಟರ್‌ಗಳನ್ನು ಕೂರಿಸಿದಳು. ಮೊದಲ ಆರು ಬೆಸುಗೆಗಳು ದಪ್ಪ ದಪ್ಪ, ಹತ್ತರ ನಂತರ ಒಂದಕ್ಕೊಂದು ಹೋಲತೊಡಗಿದವು. ಮರುದಿನ 555 ಟೈಮರ್ ಐಸಿಯಿಂದ ಎಲ್‌ಇಡಿ ಮಿನುಗಿಸುವ ಸರ್ಕ್ಯೂಟ್ ಬೆಸೆದಳು. ಬ್ಯಾಟರಿ ಜೋಡಿಸಿದ ಕೂಡಲೇ ಮಿನುಗಿತು. ನನಗೆ ಎಂಟು ತಿಂಗಳು ಹಿಡಿದದ್ದು ಅವಳಿಗೆ ಎರಡು ದಿನ ಸಾಕಾಯಿತು.

ಈ ಸ್ಟೇಷನ್ನಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಆದರೆ ಉಳಿ ಬಿಟ್ ಅನ್ನೂ ಅದೇ ದಿನ ತರಿಸಿಕೊಂಡರೆ ಮಾತ್ರ. ನನ್ನ ಮೊದಲ ಉಳಿ ಬಿಟ್ ಮೂರು ವರ್ಷ ದಾಟಿದೆ. ಈಗ ಅದರ ಒಂದು ಮೂಲೆ ಸೋಲ್ಡರ್ ಹಿಡಿಯುತ್ತಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಲೇಪದಲ್ಲಿ ಸಣ್ಣ ರಂಧ್ರ ಕಾಣುತ್ತದೆ. ಅದೇ ಅಳತೆಯ ಎರಡು ಹೊಸ ಬಿಟ್‌ಗಳನ್ನು ಮೊನ್ನೆ ತರಿಸಿಟ್ಟಿದ್ದೇನೆ, ಜೊತೆಗೆ ಮೃದು ಸಿಲಿಕೋನ್ ವೈರಿನ ಹಿಡಿಕೆಯನ್ನೂ.