4060 ಸಾಕಾ, 4090 ಬೇಕಾ? ಮದುವೆ ವಿಡಿಯೊ ಎಡಿಟ್ ಮಾಡುವವರ ಲೆಕ್ಕ

ನನ್ನ ಸಿಸ್ಟಮ್‌ನಲ್ಲಿರುವುದು ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್, ಆರ್‌ಟಿಎಕ್ಸ್ 4060. ತುಮಕೂರು ಬಿ.ಎಚ್. ರಸ್ತೆಯಲ್ಲಿ ಸ್ಟುಡಿಯೊ ಇಟ್ಟಿರುವ ಗೆಳೆಯನದು 4090. ಬಿಡುಗಡೆಯಾದಾಗ ಒಂದಕ್ಕೆ 299 ಡಾಲರ್, ಇನ್ನೊಂದಕ್ಕೆ 1,599. ಒಂದೇ ಮದುವೆಯ ಫುಟೇಜನ್ನು ಎರಡರಲ್ಲೂ ಹಾಕಿ ನೋಡಿದೆವು.

ಟೈಮ್‌ಲೈನ್‌ನಲ್ಲಿ ಗೆದ್ದದ್ದು ನನ್ನದೇ! ಕ್ಯಾಮೆರಾ ಕೊಡುವುದು 4:2:2, 10 ಬಿಟ್‌ನ ಎಚ್.265 ಫೈಲು, ಅಂದರೆ ಬಣ್ಣದ ವಿವರ ಹೆಚ್ಚಿಟ್ಟು ಒತ್ತಿ ಕುಗ್ಗಿಸಿದ ವಿಡಿಯೊ. ಅದನ್ನು ಬಿಡಿಸುವ ಡಿಕೋಡರ್ 40 ಸರಣಿಯ ಯಾವ ಕಾರ್ಡಿನಲ್ಲೂ ಇಲ್ಲ, ಎಷ್ಟೇ ದುಡ್ಡು ಕೊಟ್ಟರೂ. ನನ್ನ ಇಂಟೆಲ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿ ಇದೆ. ಗೆಳೆಯನದು ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್, ಅದರಲ್ಲಿ ಗ್ರಾಫಿಕ್ಸೇ ಇರುವುದಿಲ್ಲ. ಹಾಗಾಗಿ ಧಾರೆಯ ಸೀನು ನನ್ನಲ್ಲಿ ಸಲೀಸಾಗಿ ಓಡಿತು, ಅವನಲ್ಲಿ ತಡವರಿಸಿತು.

ಆರತಕ್ಷತೆಗೆ ಬಂದಾಗ ಆಟ ತಿರುಗಿತು. ಛತ್ರದ ಮಂದ ಬೆಳಕಲ್ಲಿ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) ಏರಿಸಿ ತೆಗೆದ ಕ್ಲಿಪ್‌ಗಳು, ಮದುಮಗನ ಕಪ್ಪು ಕೋಟಿನ ತುಂಬಾ ಕಾಳು ಕಾಳು. ಆ ಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಜೊತೆ ಇನ್ನೆರಡು ಎಫೆಕ್ಟ್ ಪೇರಿಸಿದ್ದೇ ತಡ, ನನ್ನ ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ರೆಂಡರ್ ನಿಂತಿತು. 24 ಜಿಬಿ ಇರುವ 4090ಗೆ ಅದು ಲೆಕ್ಕಕ್ಕೇ ಇಲ್ಲ. ಮುಗಿದ ವಿಡಿಯೊವನ್ನು ಕುಗ್ಗಿಸಿ ಫೈಲು ಮಾಡುವ ಎನ್‌ಕೋಡರ್ ಕೂಡ ಅದರಲ್ಲಿ ಎರಡು, ನನ್ನದರಲ್ಲಿ ಒಂದು.

ಕರೆಂಟು? 115 ವ್ಯಾಟ್ ಎಲ್ಲಿ, 450 ವ್ಯಾಟ್ ಎಲ್ಲಿ. ಯುಪಿಎಸ್ ದೊಡ್ಡದೇ ಬೇಕು.

ನಮ್ಮಂಥವರಲ್ಲಿ ಎಷ್ಟು ಜನ ಕೊಳ್ಳುತ್ತಾರೆಂದು ಎನ್‌ವಿಡಿಯಾದವರು 4090ಯಂಥ ದುಬಾರಿ ಕಾರ್ಡು ಮಾಡಿದರು? ನಮ್ಮನ್ನೇ ನಂಬಿ ಮಾಡಿದ್ದಲ್ಲ ಅನ್ನಿ. 4090ರ ಒಳಗಿನ ಚಿಪ್‌ನಲ್ಲಿ ಲೆಕ್ಕ ಮಾಡುವ ಪುಟ್ಟ ಘಟಕಗಳು, ಅಂದರೆ ಕೋರ್‌ಗಳು, ಒಟ್ಟು 18,432 ಇವೆ. ಈ ಕಾರ್ಡಿನಲ್ಲಿ ಕೆಲಸ ಮಾಡುವುದು 16,384. ಅದೇ ಚಿಪ್‌ನಲ್ಲಿ 18,176 ಕೋರ್ ಚಾಲೂ ಇಟ್ಟು, 48 ಜಿಬಿ ಮೆಮೊರಿ ಕೊಟ್ಟು, ಆರ್‌ಟಿಎಕ್ಸ್ 6000 ಅಡಾ ಎಂದು ಡಿಸೈನ್ ಕಂಪನಿಗಳಿಗೆ, ಲ್ಯಾಬ್‌ಗಳಿಗೆ ಇನ್ನೂ ದುಬಾರಿ ಬೆಲೆಗೆ ಮಾರಿದರು. ಅಷ್ಟು ದೊಡ್ಡ ಚಿಪ್ಪು ಒಂದೂ ಊನವಿಲ್ಲದೆ ಬರುವುದು ಕಷ್ಟ. ಕೆಲವು ಕೋರ್ ಕೆಟ್ಟರೂ ಎಸೆಯದೆ ಮಾರಲು 4090 ದಾರಿಯಾಯಿತು. ಜೊತೆಗೆ, 2025ರಲ್ಲಿ 5090 ಬರುವವರೆಗೆ, ನಂಬರ್ ಒನ್ ಅನ್ನುವ ಹೆಸರು. 4090ರ ರಿವ್ಯೂ ಬಾಯಿಬಿಟ್ಟುಕೊಂಡು ನೋಡಿ, ಅಂಗಡಿಗೆ ಹೋಗಿ 4060 ತಂದವರೇ ಜಾಸ್ತಿ. ನನ್ನದು ಬೇರೆ, ಸಣ್ಣ ಚಿಪ್ಪು. ಆದರೆ ಎವಿ1 ಎಂಬ ಹೊಸ ವಿಡಿಯೊ ಫಾರ್ಮ್ಯಾಟಿನ ಎನ್‌ಕೋಡರ್‌ನಂಥ ಹೊಸತು ಮೊದಲು 4090ರಲ್ಲಿ ಬಂದು, ಆಮೇಲೆ ಇದಕ್ಕೆ ಇಳಿದದ್ದು.

ರಾತ್ರಿ ಆರತಕ್ಷತೆಗಳೇ ನಿಮಗೆ ಹೆಚ್ಚು ಸಿಗುತ್ತವೆ, ಡೆಲಿವರಿ ಅವಸರ ಇರುತ್ತದೆ ಅಂದರೆ 4090 ದುಡಿದು ತೀರಿಸುತ್ತದೆ. ನಾನಂತೂ ಆ ವ್ಯತ್ಯಾಸದ ದುಡ್ಡಲ್ಲಿ, ಹೆಚ್ಚು ಬೆಳಕು ಒಳಗೆ ಬಿಡುವ ಎಫ್ 1.4ರ ಲೆನ್ಸ್ ತರುತ್ತೇನೆ. ನಾಯ್ಸ್ ಅಲ್ಲೇ ಎಷ್ಟೋ ಇಳಿಯುತ್ತದೆ.